ಚೀನೀ ವಿದ್ವಾಂಸರ ಓದುಕೋಣೆಯ ಹಳೆಯ ಗಟ್ಟಿಮರದ ಪೀಠೋಪಕರಣಗಳನ್ನು ಪರೀಕ್ಷಿಸುವುದು ಹೇಗೆ?

ಹಳೆಯ ಚೀನೀ ಮೇಜನ್ನೋ ಕುರ್ಚಿಯನ್ನೋ ಮಾರುವವರು ಮೊದಲು ಹೇಳುವುದು ಮರದ ಹೆಸರನ್ನು. ಹ್ವಾಂಗ್‌ಹ್ವಾಲಿ ಎಂದರೆ ಒಂದು ಬೆಲೆ, ಝಿತಾನ್ ಎಂದರೆ ಇನ್ನೊಂದು, ಹೊಂಗ್‌ಮು ಎಂದರೆ ಮತ್ತೊಂದು. ಆದರೆ ಮರ ನಿಜವಾಗಿಯೂ ಹಳೆಯದಾಗಿದ್ದು ಮೇಜು ಮಾತ್ರ ಇತ್ತೀಚಿನದಾಗಿರಬಹುದು. ಮುರಿದ ಮಂಚದ ಚೌಕಟ್ಟನ್ನು ಕೊಯ್ದು ಮೇಜು ಮಾಡಿದ, ಉದ್ದ ಮೇಜನ್ನು ಕತ್ತರಿಸಿ ತಗ್ಗು ಪೀಠ ಮಾಡಿದ ನಿದರ್ಶನಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮರದ ಸರದಿ ತಡವಾಗಿ ಬರುತ್ತದೆ. ವಸ್ತು ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬುದನ್ನು ಮೊದಲು, ಅದರ ಅಳತೆಯನ್ನು ಆಮೇಲೆ, ತಳಭಾಗ ಮತ್ತು ಕೂಡುಗೆಗಳನ್ನು ಅದರ ನಂತರ ನೋಡಿ, ಆ ಬಳಿಕವೇ ಮರದ ಹೆಸರಿನ ಚರ್ಚೆಗೆ ಇಳಿಯುವುದು ಸರಿಯಾದ ಕ್ರಮವೆಂದು ನಾನು ದೃಢವಾಗಿ ನಂಬಿದ್ದೇನೆ.

ಕೈಯಲ್ಲಿರಬೇಕಾದ ಸಲಕರಣೆಗಳು ಕೆಲವೇ: ಅಳತೆಪಟ್ಟಿ, ಚೂಪು ಬೆಳಕಿನ ಟಾರ್ಚ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ನೆಲಕ್ಕೆ ಹಾಸಲು ದಪ್ಪ ಕಂಬಳಿ, ಮತ್ತು ಎತ್ತಲು ಇನ್ನೊಬ್ಬರ ನೆರವು.

ಮೊದಲ ಹೆಜ್ಜೆ: ಕೋಣೆಯನ್ನು ಅರಿತುಕೊಳ್ಳಿ

ಮಿಂಗ್ ರಾಜವಂಶ (1368–1644) ಕಡಲ ವ್ಯಾಪಾರದ ಮೇಲೆ ಹೇರಿದ್ದ ನಿಷೇಧವನ್ನು 1567ರಲ್ಲಿ ಸಡಿಲಿಸಿತು. ಅನಂತರ ಆಗ್ನೇಯ ಏಷ್ಯಾದ ಉಷ್ಣವಲಯದ ಮರಗಳು ದಕ್ಷಿಣದ ಬಂದರುಗಳಿಗೆ ಮುಕ್ತವಾಗಿ ಬರತೊಡಗಿದವು. ಪೂರ್ವ ಚೀನಾದ ಸುಝೌ ಮತ್ತು ಅದರ ಸುತ್ತಲಿನ ಊರುಗಳ ಬಡಗಿಗಳ ಕೈಗೆ ಗಟ್ಟಿಮರ ಧಾರಾಳವಾಗಿ ಸಿಕ್ಕಿತು. ಸೊಂಗ್‌ಜಿಯಾಂಗ್‌ನ ಫಾನ್ ಲಿಯಾನ್ ಎಂಬ 16ನೇ ಶತಮಾನದ ಲೇಖಕ, ತನ್ನ ಎಳವೆಯಲ್ಲಿ ಇಂಥ ಉತ್ತಮ ಮರದ ಸಾಮಾನನ್ನು ಕಂಡೇ ಇರಲಿಲ್ಲವೆಂದೂ, ಆಗ ಜನರು ಲ್ಯಾಕರ್ (ಮರದ ರಸದಿಂದ ಮಾಡುವ ಗಟ್ಟಿ ಮೆರುಗು) ಬಳಿದ ಗಿಂಕೋ ಮರದ ಮೇಜುಗಳನ್ನಷ್ಟೇ ಬಳಸುತ್ತಿದ್ದರೆಂದೂ ಬರೆದಿದ್ದಾನೆ. ಹೀಗಾಗಿ 1500ಕ್ಕೂ ಹಿಂದಿನದೆಂದು ಹೇಳಲಾಗುವ ಹ್ವಾಂಗ್‌ಹ್ವಾಲಿ ಮೇಜು ಎದುರಾದರೆ ಅಲ್ಲಿಯೇ ನಿಂತು ಪ್ರಶ್ನೆ ಕೇಳಬೇಕು. ನಾವಿಂದು ನೋಡುವ ಉತ್ತಮ ವಸ್ತುಗಳಲ್ಲಿ ಬಹುಪಾಲು 16ನೇ ಶತಮಾನದ ಕೊನೆಯಿಂದ 18ನೇ ಶತಮಾನದ ಆರಂಭದವರೆಗಿನ ಅವಧಿಗೆ ಸೇರಿದವು.

ವಿದ್ವಾಂಸನ ಓದುಕೋಣೆ ಸರಂಜಾಮಿನಿಂದ ತುಂಬಿರುತ್ತಿರಲಿಲ್ಲ. ಚಿತ್ರ ಬರೆಯಲು ಮತ್ತು ಸುರುಳಿ ಬಿಚ್ಚಿ ನೋಡಲು ಒಂದು ಅಗಲ ಮೇಜು, ಎರಡು ಕುರ್ಚಿ, ಮಧ್ಯಾಹ್ನ ಒರಗಲು ಒಂದು ಪೀಠಮಂಚ, ಪುಸ್ತಕಗಳಿಗೆ ತೆರೆದ ಗೂಡು ಅಥವಾ ಕಪಾಟು, ಧೂಪಕ್ಕೆ ಎತ್ತರದ ಸಣ್ಣ ಪೀಠ, ಚಿನ್ ತಂತಿವಾದ್ಯಕ್ಕೆ ತುಸು ತಗ್ಗಾದ ಕಿರಿದು ಮೇಜು, ಮೇಜಿನ ಮೇಲೆ ಕುಂಚದ ಕುಡಿಕೆ ಮತ್ತು ಮುದ್ರೆಪೆಟ್ಟಿಗೆ: ಇಷ್ಟಿದ್ದರೆ ಕೋಣೆ ಸಜ್ಜಾಯಿತು. ಸುಝೌವಿನ ವೆನ್ ಝೆನ್‌ಹೆಂಗ್ (1585–1645) ಇಂಥ ಕೋಣೆಯ ಪ್ರತಿಯೊಂದು ವಸ್ತುವನ್ನೂ ಕುರಿತು ಬರೆದು, ಸರಳವಾಗಿದ್ದು ಪುರಾತನರ ಗಾಂಭೀರ್ಯ ಉಳ್ಳದ್ದನ್ನು ಮೆಚ್ಚಿ, ಆಡಂಬರದ ಅಲಂಕಾರವನ್ನು ಕೀಳೆಂದು ತಳ್ಳಿಹಾಕಿದ. ಅವನ ಅಭಿರುಚಿ ಆ ಕಾಲದ ಎಲ್ಲರದೂ ಆಗಿರಲಿಲ್ಲ. ಆದರೂ ಓದುಕೋಣೆಯ ವಸ್ತುವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಮಾನದಂಡ ನನಗೆ ಕಂಡಿಲ್ಲ.

ಮೇಜುಗಳಲ್ಲಿ ಎರಡು ಮೂಲ ಜಾತಿಗಳಿವೆ ಎಂಬುದನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳಿ. ಕಾಲುಗಳು ನಾಲ್ಕು ಮೂಲೆಗಳಲ್ಲೇ ನಿಂತಿದ್ದರೆ ಅದು ಝುವೊ. ಮೂಲೆಯಿಂದ ಒಳಕ್ಕೆ ಸರಿದು, ಮೇಲುಹಲಗೆಯ ಎರಡು ತುದಿಗಳು ಹೊರಚಾಚಿಕೊಂಡಿದ್ದರೆ ಅದು ಆನ್. ಎರಡರ ಕಟ್ಟುವ ವಿಧಾನವೇ ಬೇರೆಯಾದ್ದರಿಂದ ಮುಂದೆ ತಳಭಾಗದಲ್ಲಿ ಏನನ್ನು ಹುಡುಕಬೇಕೆಂಬುದನ್ನು ಈ ಭೇದವೇ ನಿರ್ಧರಿಸುತ್ತದೆ.

ಎರಡನೆಯ ಹೆಜ್ಜೆ: ದೂರ ನಿಂತು ನೋಡಿ, ಆಮೇಲೆ ಅಳೆಯಿರಿ

ಮೂರು ನಾಲ್ಕು ಮೀಟರ್ ಹಿಂದೆ ಸರಿದು ಇಡೀ ಆಕಾರವನ್ನು ನೋಡಿ. ಒಳ್ಳೆಯ ಹಳೆಯ ಆನ್ ಮೇಜಿನ ಕಾಲುಗಳು ನೇರ ಲಂಬವಾಗಿರುವುದಿಲ್ಲ. ಕೆಳಗೆ ಹೋದಂತೆ ಬಹಳ ಸ್ವಲ್ಪ ಹೊರವಾಲುತ್ತವೆ. ದುಂಡು ಮೂಲೆಯ ಕಪಾಟುಗಳಲ್ಲಿ ಈ ವಾಲು ಇನ್ನೂ ಸ್ಪಷ್ಟ: ಬುಡ ಅಗಲ, ತಲೆ ಕಿರಿದು. ಅದರ ಬಾಗಿಲುಗಳಿಗೆ ಲೋಹದ ಕೀಲುಗಳಿಲ್ಲದೆ, ಚೌಕಟ್ಟಿನ ಗುಳಿಯೊಳಗೆ ಮರದ ಮೊನೆಗಳೇ ತಿರುಗುತ್ತವೆ. ವಾಲಿನಿಂದಾಗಿ ತೆರೆದ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಳ್ಳದೆ ಕಚ್ಚಿಕೊಂಡು ನಿಂತರೆ ಚೌಕಟ್ಟು ತಿರುಚಿದೆ, ಇಲ್ಲವೇ ಬಾಗಿಲನ್ನು ಬದಲಿಸಲಾಗಿದೆ ಎಂದು ಅನುಮಾನಿಸಬಹುದು.

ಈಗ ಅಳತೆಪಟ್ಟಿ ತೆಗೆಯಿರಿ. ಬರೆಯುವ ಮೇಜುಗಳ ಎತ್ತರ ಸಾಮಾನ್ಯವಾಗಿ 80ರಿಂದ 87 ಸೆಂಟಿಮೀಟರ್. ಇಂದಿನ ಮೇಜುಗಳಿಗಿಂತ ಹೆಚ್ಚು. ಕುರ್ಚಿಯ ಆಸನವೂ ಸುಮಾರು 50 ಸೆಂಟಿಮೀಟರ್‌ನಷ್ಟು ಎತ್ತರವಿದ್ದು, ಕೂತವರ ಪಾದ ನೆಲಕ್ಕೆ ಬದಲಾಗಿ ಮುಂದಿನ ಅಡ್ಡಪಟ್ಟಿಯ ಮೇಲೆ ಊರುತ್ತಿತ್ತು. ಮೇಜು 74, ಕುರ್ಚಿ 44 ಸೆಂಟಿಮೀಟರ್ ಇದ್ದರೆ ಕಾಲು ಕತ್ತರಿಸಿರುವ ಸಾಧ್ಯತೆ ಹೆಚ್ಚು. ಇಟ್ಟಿಗೆ ಹಾಸಿದ ತೇವದ ನೆಲದ ಮೇಲೆ ಶತಮಾನಗಳ ಕಾಲ ನಿಂತ ಪಾದಗಳು ಕೊಳೆಯುವುದು ಸಹಜವಾಗಿದ್ದರಿಂದ, ಕೊಳೆತ ಭಾಗವನ್ನು ಕೊಯ್ದು ಸಮ ಮಾಡುವುದು ಹಿಂದಿನಿಂದಲೂ ನಡೆದುಬಂದಿದೆ. ಎರಡು ಸೆಂಟಿಮೀಟರ್ ಹೋಗಿದ್ದರೆ ಕ್ಷಮಿಸಬಹುದು. ಹತ್ತು ಹೋಗಿದ್ದರೆ ಮೇಜಿನ ನಿಲುವೇ ಹಾಳಾಗಿರುತ್ತದೆ, ಅದನ್ನು ಯಾವ ಮರವೂ ಸರಿದೂಗಿಸಲಾರದು.

ಮೂರನೆಯ ಹೆಜ್ಜೆ: ತಲೆಕೆಳಗು ಮಾಡಿ

ಇಡೀ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನು ಇಲ್ಲಿ ಕಳೆಯಬೇಕು. ಮೇಲ್ಭಾಗವನ್ನು ಮಾರುವವರು ಉಜ್ಜಿ ಹೊಳಪಿಸಿರುತ್ತಾರೆ. ತಳವನ್ನು ಉಜ್ಜುವ ತಾಳ್ಮೆ ಬಹಳ ಮಂದಿಗಿರುವುದಿಲ್ಲ. ಕಂಬಳಿ ಹಾಸಿ, ಇಬ್ಬರು ಸೇರಿ ಚೌಕಟ್ಟನ್ನು ಹಿಡಿದು ಮೇಜನ್ನು ನಿಧಾನವಾಗಿ ಮಗುಚಿ. ಮಾರುವವರು ಮಗುಚಲು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸುವುದು ಲೇಸು.

ಮೊದಲು ಕಾಣುವುದು ಮೇಲುಹಲಗೆಯ ರಚನೆ. ನಾಲ್ಕು ಪಟ್ಟಿಗಳು 45 ಡಿಗ್ರಿಯ ಓರೆಯಲ್ಲಿ ಕೂಡಿ ಚೌಕಟ್ಟಾಗುತ್ತವೆ. ಅದರ ಒಳಬದಿಯಲ್ಲಿ ಉದ್ದಕ್ಕೆ ಕೊರೆದ ತೋಡಿನಲ್ಲಿ ಹಲಗೆಯ ಅಂಚು ಕೂರುತ್ತದೆ. ಹಲಗೆಗೆ ಅಂಟು ಹಾಕಿ ಬಿಗಿಯುವುದಿಲ್ಲ. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ತೋಡಿನಲ್ಲಿ ಅದಕ್ಕೆ ಜಾಗವಿರುವುದರಿಂದ ಸೀಳುವುದಿಲ್ಲ. ಹಲಗೆ ಬಾಗದಂತೆ ಕೆಳಗಿನಿಂದ ಅಡ್ಡಪಟ್ಟಿಗಳನ್ನು, ಪಾರಿವಾಳದ ಬಾಲದಂತೆ ಒಳಗೆ ಅಗಲವಾದ ತೋಡಿನಲ್ಲಿ ಜಾರಿಸಿ ಕೂರಿಸಲಾಗಿರುತ್ತದೆ. ಹೀಗೆ ಕಟ್ಟಿದ ಹಳೆಯ ಮೇಜಿನಲ್ಲಿ ಹಲಗೆಯ ಉದ್ದನೆಯ ಅಂಚಿನ ಬಳಿ ಕುಗ್ಗಿದ ಗುರುತಾಗಿ ತೆಳುವಾದ ಬಿರುಕು ಕಾಣಬೇಕು, ಓರೆ ಕೂಡುಗೆ ಒಳಮೂಲೆಯತ್ತ ಕೂದಲೆಳೆಯಷ್ಟು ಬಾಯಿ ಬಿಟ್ಟಿರಬೇಕು. ಮುನ್ನೂರು ವರ್ಷದ ಮರ ಒಂದಿಷ್ಟೂ ಅಲುಗಾಡದೆ ಬಿಗಿಯಾಗಿ ಕೂತಿದೆಯೆಂದರೆ, ಅದನ್ನು ಬಿಚ್ಚಿ ಮರುಜೋಡಿಸಲಾಗಿದೆ ಅಥವಾ ಅದು ಹೊಸದು.

ಎರಡನೆಯದಾಗಿ ಲ್ಯಾಕರ್‌ನ ಕುರುಹು. ತಳಭಾಗಕ್ಕೆ ರೇಮಿ ನಾರಿನ ಬಟ್ಟೆಯನ್ನು ಅಂಟಿಸಿ, ಬೂದಿ ಬೆರೆಸಿದ ಲ್ಯಾಕರ್ ಬಳಿದು ತೇವ ತಡೆಯುವುದು ಅಲ್ಲಿನ ರೂಢಿ. ಇಂದು ಅದರಲ್ಲಿ ಚಕ್ಕೆಗಳಷ್ಟೇ ಉಳಿದಿರಬಹುದು. ಟಾರ್ಚನ್ನು ಹಲಗೆಗೆ ಸಮಾನಾಂತರವಾಗಿ ಹಿಡಿದು, ಅಡ್ಡಪಟ್ಟಿ ಮತ್ತು ಹಲಗೆ ಸೇರುವ ಸಂದುಗಳನ್ನು ನೋಡಿ: ಕಪ್ಪು ಅಥವಾ ಕಂದು ಬಣ್ಣದ ಗಟ್ಟಿ ಪದರ, ಅದರಲ್ಲಿ ಬಟ್ಟೆಯ ನೇಯ್ಗೆಯ ಅಚ್ಚು, ಒಣಗಿದ ಕೆರೆಯ ಕೆಸರಿನಂತೆ ಚೌಕ ಚೌಕವಾದ ಬಿರುಕು. ನಕಲು ಮಾಡುವವರು ಕಪ್ಪು ಬಣ್ಣ ಬಳಿಯಬಲ್ಲರು, ಆದರೆ ಅದು ಸಂದಿನೊಳಗೆ ಹರಿದು, ಕೂಡುಗೆ ಸರಿದಾಗ ಮೂಡಿದ ಹೊಸ ಬಿರುಕಿನೊಳಗೂ ಇಳಿದಿರುತ್ತದೆ. ಹಳೆಯ ಲ್ಯಾಕರ್ ಆ ಬಿರುಕಿನ ಜೊತೆಗೇ ಸೀಳಿರುತ್ತದೆ.

ಮೂರನೆಯದು ಉಪಕರಣದ ಗುರುತು. ಕೈಗರಗಸ ಮತ್ತು ಹತ್ತರಿಯ ಗುರುತುಗಳು ನೇರವಾಗಿದ್ದು ಒಂದರಂತೆ ಇನ್ನೊಂದಿರುವುದಿಲ್ಲ. ಕಮಾನಿನಂತೆ ಬಾಗಿದ, ಸಮಾನ ಅಂತರದ ಗೆರೆಗಳು ಯಂತ್ರದ ವೃತ್ತಗರಗಸದವು. ಅಂಥ ಗೆರೆ ಮೂಲ ಭಾಗವೊಂದರಲ್ಲಿ ಕಂಡರೆ ಮಿಂಗ್ ಕಾಲದ ಮಾತನ್ನು ಬಿಡಬೇಕು.

ಆನ್ ಮೇಜಾದರೆ ಕಾಲಿನ ತಲೆಯನ್ನು ನೋಡಿ. ಅಲ್ಲಿ ಕಾಲನ್ನು ಉದ್ದಕ್ಕೆ ಸೀಳಿ, ಆ ಸೀಳಿನೊಳಗೆ ಮೇಲುಹಲಗೆಯ ಕೆಳಗಿನ ಪಟ್ಟಿಯನ್ನು ಕೂರಿಸಿ, ಕಾಲಿನ ತುದಿಯ ನಾಲಿಗೆಗಳನ್ನು ಚೌಕಟ್ಟಿನ ಗುಳಿಗಳಿಗೆ ಏರಿಸಲಾಗಿರುತ್ತದೆ. ಈ ಒಂದೇ ಕೂಡುಗೆ ಭಾರವನ್ನು ಉದ್ದಕ್ಕೂ ಹಂಚುತ್ತದೆ, ಮೇಜು ತೊನೆಯದಂತೆಯೂ ತಡೆಯುತ್ತದೆ. ಮೊಳೆಗೆ ಇಲ್ಲಿ ಕೆಲಸವಿಲ್ಲ. ಕಬ್ಬಿಣದ ಮೊಳೆ ಅಥವಾ ತಿರುಪು ಕಂಡರೆ ಅದು ಯಾರೋ ನಂತರ ಮಾಡಿದ ರಿಪೇರಿ. ರಿಪೇರಿ ತಪ್ಪಲ್ಲ, ಆದರೆ ಅದು ಎಲ್ಲಿದೆ, ಎಷ್ಟಿದೆ ಎಂದು ಗುರುತು ಹಾಕಿಕೊಳ್ಳಿ. ಖಾಲಿ ಗುಳಿಗಳು ಇನ್ನೂ ಮುಖ್ಯ. ಯಾವ ಭಾಗವೂ ಕೂರದ, ಮರದ ತುಂಡಿನಿಂದ ಮುಚ್ಚಿದ ಗುಳಿಯೊಂದು ಕಾಲಿನಲ್ಲೋ ಚೌಕಟ್ಟಿನಲ್ಲೋ ಸಿಕ್ಕಿತೆಂದರೆ ಆ ಮರ ಹಿಂದೆ ಇನ್ನೊಂದು ವಸ್ತುವಿನ ಭಾಗವಾಗಿತ್ತು.

ಕುರ್ಚಿಯೊಂದನ್ನು ಓದುವ ಬಗೆ

ಅಧಿಕಾರಿಯ ಟೋಪಿಯ ಆಕಾರದ ಬೆನ್ನುಳ್ಳ ಕುರ್ಚಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹಿಂದಿನ ಕಾಲು ಆಸನದ ಬಳಿ ನಿಲ್ಲುವುದಿಲ್ಲ. ಆಸನದ ಚೌಕಟ್ಟಿನ ರಂಧ್ರದ ಮೂಲಕ ಮೇಲೇರಿ, ಅದೇ ಮರ ಬೆನ್ನಿನ ಕಂಬವಾಗುತ್ತದೆ. ಆಸನದ ಕೆಳಗೆ ಕಾಲು ತುಸು ದಪ್ಪ, ಹೊರಮೈ ದುಂಡು, ಒಳಮೈ ಚಪ್ಪಟೆ. ಮೇಲೆ ಅದು ಪೂರ್ತಿ ದುಂಡಾಗಿ ತೆಳುವಾಗುತ್ತದೆ. ಆ ದಪ್ಪದ ಹೆಗಲ ಮೇಲೆಯೇ ಆಸನದ ಚೌಕಟ್ಟು ಕೂರುತ್ತದೆ. ಟಾರ್ಚಿನ ಬೆಳಕಿನಲ್ಲಿ ಕೆಳಗಿನ ಮರದ ಎಳೆಯನ್ನು ಹಿಡಿದು ಮೇಲಕ್ಕೆ ಸಾಗಿ: ಎಳೆ, ಬಣ್ಣ, ಸಣ್ಣ ಕಲೆ ಎಲ್ಲವೂ ಚೌಕಟ್ಟಿನ ಆಚೆಯೂ ಮುಂದುವರಿಯಬೇಕು. ಮುಂದುವರಿಯದಿದ್ದರೆ ಕಂಬ ಮುರಿದು ಆಸನದ ಮಟ್ಟದಲ್ಲಿ ಬೆಸೆಯಲಾಗಿದೆ, ಮತ್ತು ಕುರ್ಚಿಯ ಬಲವೆಲ್ಲ ಇದ್ದ ಜಾಗವೇ ಅದು.

ಬೆನ್ನಹಲಗೆಯ ಬಳುಕನ್ನು ಹಬೆಯಿಂದ ಬಾಗಿಸಿರುವುದಿಲ್ಲ, ದಪ್ಪ ದಿಮ್ಮಿಯಿಂದ ಕೊಯ್ದಿರುತ್ತಾರೆ. ತೆಳುವಾದ ಒಂದು ಹಲಗೆಗಾಗಿ ಅಷ್ಟು ಮರ ಕಳೆಯಲು ಒಪ್ಪಿದ ಬಡಗಿಯ ಮನಸ್ಸು ನನಗೆ ಇಂದಿಗೂ ಅಚ್ಚರಿ ತರುತ್ತದೆ. ಕುದುರೆ ಲಾಳದ ಆಕಾರದ ಕುರ್ಚಿಯಾದರೆ ಅದರ ಸುತ್ತುಗೈ ಮೂರು ಅಥವಾ ಐದು ತುಂಡುಗಳದ್ದು. ಒಂದರ ಮೇಲೊಂದು ಒರಗಿದ ಆ ತುಂಡುಗಳನ್ನು ನಡುವಿನ ಬೆಣೆ ಬಿಗಿಯುತ್ತದೆ. ಬೆಣೆಯ ಚೌಕ ತಲೆ ಕಣ್ಣಿಗೆ ಕಾಣಬೇಕು, ಬೆರಳಿಗೆ ಮಾತ್ರ ತಗಲಬಾರದು.

ಕಾಲುಗಳ ನಡುವಿನ ಅಡ್ಡಪಟ್ಟಿಗಳ ಎತ್ತರ ಗಮನಿಸಿ. ಅನೇಕ ಕುರ್ಚಿಗಳಲ್ಲಿ ಮುಂದಿನದು ಎಲ್ಲಕ್ಕಿಂತ ತಗ್ಗು, ಬದಿಯವು ಅದಕ್ಕಿಂತ ಮೇಲೆ, ಹಿಂದಿನದು ಇನ್ನೂ ಮೇಲೆ. ಒಂದೇ ಮಟ್ಟದಲ್ಲಿ ಎರಡು ಕಡೆಯಿಂದ ಗುಳಿ ಕೊರೆದರೆ ಕಾಲು ದುರ್ಬಲವಾಗುತ್ತದೆ ಎಂಬುದು ಇದರ ಹಿಂದಿನ ಕಾರಣಗಳಲ್ಲೊಂದು. ಪಾದವೂರುವ ಮುಂದಿನ ಪಟ್ಟಿಯ ನಡುಭಾಗ ಸವೆದಿರಬೇಕು, ಆ ಸವೆತ ಪಾದ ಬೀಳುವ ಎರಡು ಕಡೆ ಹೆಚ್ಚಾಗಿರಬೇಕು. ಅಂಚಿನುದ್ದಕ್ಕೂ ಒಂದೇ ಸಮನಾದ ಸವೆತ ಮರಳುಕಾಗದದ ಕೆಲಸ.

ಆಸನವು ಮೂಲದಲ್ಲಿ ಸಣ್ಣ ಬೆತ್ತದ ನೇಯ್ಗೆ, ಅದರ ಕೆಳಗೆ ತಾಳೆ ಜಾತಿಯ ಮರದ ನಾರಿನ ಹುರಿಗಳ ಜಾಲ. ಬೆತ್ತ ಹೆಚ್ಚು ಕಾಲ ಬಾಳದು, ಆದ್ದರಿಂದ ಬಹುತೇಕ ಆಸನಗಳು ಬದಲಾಗಿವೆ. ಹಲವೆಡೆ ಗಟ್ಟಿ ಹಲಗೆಯ ಮೇಲೆ ಚಾಪೆ ಅಂಟಿಸಲಾಗಿದೆ. ಇದನ್ನು ದೊಡ್ಡ ದೋಷವೆಂದು ಎಣಿಸಬೇಕಿಲ್ಲ. ಚೌಕಟ್ಟಿನ ಒಳಅಂಚಿನಲ್ಲಿ ಬೆತ್ತ ಹಾಯಿಸಿದ್ದ ರಂಧ್ರಗಳ ಸಾಲು, ಆಸನ ಕೆಳಕ್ಕೆ ಜಗ್ಗಲು ಅನುವಾಗುವಂತೆ ಬಾಗಿಸಿದ ಕೆಳಗಿನ ಅಡ್ಡಪಟ್ಟಿಗಳು, ಇವು ಉಳಿದಿದ್ದರೆ ಕುರ್ಚಿ ತನ್ನ ಮೂಲವನ್ನು ಉಳಿಸಿಕೊಂಡಿದೆ.

ನಾಲ್ಕನೆಯ ಹೆಜ್ಜೆ: ಈಗ ಮರದ ಹೆಸರು

ಕನ್ನಡನಾಡಿನ ಓದುಗರಿಗೆ ಇಲ್ಲೊಂದು ಅನುಕೂಲವಿದೆ. ಚೀನೀಯರು ಝಿತಾನ್ ಎಂದು ಕರೆದು ಅತ್ಯಂತ ಬೆಲೆಬಾಳುವುದೆಂದು ಪರಿಗಣಿಸಿದ ಮರ ನಮ್ಮ ನೆರೆಯ ಆಂಧ್ರದ ಶೇಷಾಚಲಂ ಬೆಟ್ಟಗಳ ರಕ್ತಚಂದನ. ಹ್ವಾಂಗ್‌ಹ್ವಾಲಿ ಹೈನಾನ್ ದ್ವೀಪದ್ದು, ನಮ್ಮ ಬೀಟೆಯ ಕುಲಕ್ಕೇ ಸೇರಿದ್ದು. ಮಲೆನಾಡಿನ ಹಳೆಯ ಬೀಟೆ ಕುರ್ಚಿಯ ತೂಕ, ಅಂಗೈಗೆ ತಗಲುವ ತಂಪು, ಎಳೆಗಳ ಬಿಗಿತ ನಿಮಗೆ ಪರಿಚಿತವಾಗಿದ್ದರೆ ಹ್ವಾಂಗ್‌ಹ್ವಾಲಿಯನ್ನು ಮುಟ್ಟಿದಾಗ ಕೈ ಬೇಗ ಕಲಿಯುತ್ತದೆ.

ಹ್ವಾಂಗ್‌ಹ್ವಾಲಿಯ ಬಣ್ಣ ಜೇನಿನಿಂದ ಕೆಂಗಂದಿನವರೆಗೆ. ಗಂಟುಗಳ ಸುತ್ತ ಎಳೆಗಳು ಸುಳಿದು ಪುಟ್ಟ ಮುಖಗಳಂತೆ ಕಾಣುತ್ತವೆ. ಹೊಸದಾಗಿ ಕೆರೆದಾಗ ನವಿರಾದ ಸುವಾಸನೆ. ಝಿತಾನ್ ಕಡುನೇರಳೆಗೆ ತಿರುಗಿದ ಕಪ್ಪು. ಭೂತಗನ್ನಡಿಯಲ್ಲಿ ಎತ್ತಿನ ಕೂದಲಿನಂತೆ ನವಿರಾಗಿ ಅಲೆಯುವ ಎಳೆಗಳು ಕಾಣುತ್ತವೆ. ಈ ಮರ ಸಣ್ಣದಾಗಿ ಬೆಳೆಯುತ್ತದೆ, ಒಳಗೆ ಟೊಳ್ಳಾಗುವುದೂ ಹೆಚ್ಚು. ಆದ್ದರಿಂದ ಅರ್ಧ ಮೀಟರ್ ಅಗಲದ ಒಂದೇ ಹಲಗೆಯ ಝಿತಾನ್ ಮೇಜು ಎದುರಾದರೆ ಸಂತೋಷಕ್ಕಿಂತ ಮೊದಲು ಸಂದೇಹ ಬರಬೇಕು. ಮಡಗಾಸ್ಕರ್‌ನ ಬೀಟೆ ಕುಲದ ಮರವನ್ನೂ ಆಫ್ರಿಕದ ಹೊನ್ನೆ ಕುಲದ ಮರವನ್ನೂ ಝಿತಾನ್ ಎಂದು, ವಿಯೆಟ್ನಾಮಿನ ಬೀಟೆ ಕುಲದ ಮರವನ್ನು ಹೈನಾನ್‌ನದೆಂದು ಮಾರುವುದು ರೂಢಿಯಾಗಿದೆ. ಜೀಚಿಮು ಮರದಲ್ಲಿ ಹಕ್ಕಿಯ ಗರಿಯಂಥ ತಿಳಿ-ಗಾಢ ಎಳೆಗಳು ಒಂದರ ಪಕ್ಕ ಒಂದು ಹಾಯುತ್ತವೆ, ಕಣ್ಣಿಗೆ ಬೇಗ ಗುರುತು ಸಿಗುತ್ತದೆ.

ಹೊಂಗ್‌ಮು ಎಂಬ ಗುಂಪಿನ ಮರಗಳು ವ್ಯಾಪಕ ಬಳಕೆಗೆ ಬಂದದ್ದು ಮಿಂಗ್ ನಂತರ ಬಂದ ಚಿಂಗ್ ರಾಜವಂಶದ ಕಾಲದ ನಡುವಿನಲ್ಲಿ, ಅಂದರೆ 18ನೇ ಶತಮಾನದಲ್ಲಿ. ಹ್ವಾಂಗ್‌ಹ್ವಾಲಿ ದುರ್ಲಭವಾದ ಮೇಲೆ. ಆದ್ದರಿಂದ ಮಿಂಗ್ ಶೈಲಿಯ ಹೊಂಗ್‌ಮು ಕುರ್ಚಿ ಮಿಂಗ್ ಕಾಲದ್ದೆಂಬ ಮಾತು ನಿಲ್ಲುವುದಿಲ್ಲ. ಶೈಲಿ ಬೇರೆ, ಕಾಲ ಬೇರೆ. ಚೀನಾದ ರಾಷ್ಟ್ರೀಯ ಮಾನದಂಡವು 2000ರಲ್ಲಿ 33 ಪ್ರಭೇದಗಳನ್ನು ಹೊಂಗ್‌ಮು ಎಂಬ ವ್ಯಾಪಾರಿ ಹೆಸರಿನಡಿ ಸೇರಿಸಿತ್ತು, 2017ರ ಪರಿಷ್ಕರಣೆಯಲ್ಲಿ ಅವು 29ಕ್ಕಿಳಿದವು. ಈ ಪಟ್ಟಿಯಲ್ಲಿ ಝಿತಾನ್, ಹ್ವಾಂಗ್‌ಹ್ವಾಲಿ ಎರಡೂ ಇರುವುದರಿಂದ ರಸೀದಿಯಲ್ಲಿ ಬರೀ ಹೊಂಗ್‌ಮು ಎಂದು ಬರೆದಿದ್ದರೆ ಪ್ರಭೇದದ ಹೆಸರನ್ನು ಬರೆಸಿಕೊಳ್ಳಿ.

ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ಕೆಂಪು ಬಂದರೆ ಝಿತಾನ್ ಎನ್ನುವ ಪರೀಕ್ಷೆಯನ್ನು ಮಾಡಬೇಡಿ. ಅದೇ ಕುಲದ ಬೇರೆ ಮರಗಳೂ ಬಣ್ಣ ಬಿಡುತ್ತವೆ, ಮೇಲ್ಮೈ ಮಾತ್ರ ಕೆಡುತ್ತದೆ. ಖಚಿತ ಉತ್ತರ ಬೇಕಿದ್ದರೆ ಕಾಣದ ಜಾಗದಿಂದ ಚಿಕ್ಕ ಚೂರು ತೆಗೆದು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ಇಂಗಾಲ-14 ಪರೀಕ್ಷೆಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು: ಅದು ಮರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಮೇಜು ಕಟ್ಟಿದ ಕಾಲವನ್ನಲ್ಲ, ಮೇಲಾಗಿ ಸುಮಾರು 1650ರಿಂದೀಚಿನ ಮೂರು ಶತಮಾನಗಳನ್ನು ಅದು ಸ್ಪಷ್ಟವಾಗಿ ಬೇರ್ಪಡಿಸಲಾರದು.

ಐದನೆಯ ಹೆಜ್ಜೆ: ಮೇಲ್ಮೈ

20ನೇ ಶತಮಾನದ ಮೊದಲರ್ಧದಲ್ಲಿ ಬೀಜಿಂಗ್‌ನಲ್ಲಿದ್ದ ವಿದೇಶೀಯರಿಗೆ ಹೊಳೆಯುವ ಬಂಗಾರದ ಬಣ್ಣ ಇಷ್ಟವಾಗಿತ್ತು. ಲುಬಾನ್‌ಗುವಾನ್ ಬೀದಿಯ ರಿಪೇರಿ ಅಂಗಡಿಗಳು ಎಷ್ಟೋ ಮೇಜುಗಳ ಕಪ್ಪುಗಟ್ಟಿದ ಹಳೆಯ ಮೈಯನ್ನು ಕೆರೆದು ಹೊಳಪು ಕೊಟ್ಟವು. ಹಾಗಾಗಿ ಹೊಳಪನ್ನು ಹಳಮೆಯ ಸಾಕ್ಷಿಯೆಂದು ಎಣಿಸಬೇಡಿ. ಕೈ ಆಡುವ ಜಾಗ ನಯವಾಗಿ, ಕೈ ತಲುಪದ ಮೂಲೆ ಮಂಕಾಗಿ, ಬೆನ್ನಿನ ಹಿಂಭಾಗ ಒಣಗಿದಂತೆ ಇರಬೇಕು. ಎಲ್ಲೆಡೆ ಒಂದೇ ಹೊಳಪಿದ್ದರೆ ಆ ಮೈ ಇತ್ತೀಚಿನದು.

ಆರನೆಯ ಹೆಜ್ಜೆ: ಹೋಲಿಸಲು ಮೂಲಗಳು, ಬೆಲೆ, ಕಾಗದಪತ್ರ

ಕಣ್ಣು ಪಳಗಲು ಖಚಿತ ವಸ್ತುಗಳನ್ನು ನೋಡುತ್ತಿರಬೇಕು. ವಾಂಗ್ ಶಿಶಿಯಾಂಗ್ (1914–2009) ಬದುಕಿನುದ್ದಕ್ಕೂ ಈ ಪೀಠೋಪಕರಣಗಳನ್ನು ಹುಡುಕಿ, ಅಳೆದು, ಅವುಗಳ 16 ಗುಣಗಳನ್ನೂ 8 ದೋಷಗಳನ್ನೂ ವಿಂಗಡಿಸಿದವರು. ಅವರ ಪತ್ನಿ ಯುವಾನ್ ಚುವಾನ್‌ಯೌ ಕೂಡುಗೆಗಳ ರೇಖಾಚಿತ್ರಗಳನ್ನು ಬರೆದರು. ವಾಂಗ್ ಅವರ ಸಂಗ್ರಹದ 79 ವಸ್ತುಗಳು 1993ರಿಂದ ಶಾಂಘೈ ವಸ್ತುಸಂಗ್ರಹಾಲಯದಲ್ಲಿವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಆಸ್ಟರ್ ಅಂಗಳ ಹತ್ತಿರ. ಸುಝೌ ಉದ್ಯಾನವೊಂದರ ಮಾದರಿಯಲ್ಲಿ ಕಟ್ಟಿ 1981ರಲ್ಲಿ ತೆರೆದ ಆ ಅಂಗಳದ ಪಕ್ಕದ ಕೋಣೆಯಲ್ಲಿ ಮಿಂಗ್ ಪೀಠೋಪಕರಣಗಳನ್ನು ಅವುಗಳ ಸಹಜ ನೆಲೆಯಲ್ಲಿಟ್ಟಿದ್ದಾರೆ.

ಬೆಲೆಯ ಬಗ್ಗೆ ಒಂದು ಮಾತು ಸಾಕು. 2015ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ರಾಬರ್ಟ್ ಎಲ್ಸ್‌ವರ್ತ್ ಸಂಗ್ರಹದ ನಾಲ್ಕು ಹ್ವಾಂಗ್‌ಹ್ವಾಲಿ ಲಾಳದ ಕುರ್ಚಿಗಳು ಸುಮಾರು 97 ಲಕ್ಷ ಡಾಲರಿಗೆ ಹೋದವು. ಅಂಥ ಬೆಲೆಯ ಮರದ ಕುರ್ಚಿಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಕಾರಣ ಕೇಳಿ. ಹೊಸಬರು ಜೂಮು ಮುಂತಾದ ಚೀನಾದ ಸ್ಥಳೀಯ ಮರಗಳಲ್ಲಿ ಮಾಡಿದ, ಕೂಡುಗೆ ಸರಿಯಿರುವ ಮೇಜಿನಿಂದ ಆರಂಭಿಸಬೇಕೆಂದು ನನ್ನ ಸಲಹೆ. ಅವನ್ನು ಕಟ್ಟಿದ ವಿಧಾನ ಅದೇ, ಬೆಲೆ ಬಹಳ ಕಡಿಮೆ.

ಚೀನಾ 2007ರಿಂದ 1911ಕ್ಕೆ ಹಿಂದಿನ ಸಾಂಸ್ಕೃತಿಕ ವಸ್ತುಗಳ ರಫ್ತನ್ನು ನಿಷೇಧಿಸಿದೆ. ಆದ್ದರಿಂದ ಹಳೆಯ ವಸ್ತು ಯಾವ ವರ್ಷ ಯಾವ ದಾರಿಯಲ್ಲಿ ಹೊರಬಂತೆಂಬ ದಾಖಲೆ, ಹಿಂದಿನ ಮಾಲೀಕರ ಸರಣಿ, ಹಳೆಯ ಹರಾಜು ಪಟ್ಟಿಯ ಪುಟ ನಿಮ್ಮ ಕೈಗೆ ಬರಬೇಕು. ಬೀಟೆಯ ಕುಲ ಬಹುತೇಕ ಪೂರ್ತಿಯಾಗಿ 2017ರಿಂದ ಸೈಟಿಸ್ (ಅಳಿವಿನಂಚಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಹ್ವಾಂಗ್‌ಹ್ವಾಲಿಯೂ ಅದರೊಳಗೇ ಬರುತ್ತದೆ. ಹತ್ತು ಕಿಲೋಗಿಂತ ಹೆಚ್ಚು ತೂಕದ ವಸ್ತು ಗಡಿ ದಾಟಲು ಪರವಾನಗಿ ಬೇಕು. ವಿದೇಶದಲ್ಲಿ ಕೊಂಡು ಊರಿಗೆ ತರುವ ಯೋಚನೆಯಿದ್ದವರು ಹಣ ಕೊಡುವ ಮೊದಲೇ ಎರಡೂ ದೇಶಗಳ ನಿಯಮ ವಿಚಾರಿಸಲಿ.

ಮನೆಗೆ ಬಂದ ಮೇಲೆ

ಎತ್ತುವಾಗ ಕಾಲುಗಳನ್ನೋ ಹೊರಚಾಚಿದ ತುದಿಗಳನ್ನೋ ಹಿಡಿಯದೆ ಉದ್ದನೆಯ ಚೌಕಟ್ಟನ್ನು ಹಿಡಿಯಬೇಕು, ಎಳೆದು ಸರಿಸಬಾರದು. ಎಸಿಯ ಗಾಳಿ ನೇರವಾಗಿ ಬೀಸುವ, ಪಡುವಣ ಬಿಸಿಲು ಬೀಳುವ ಜಾಗ ಬೇಡ. ಕರಾವಳಿಯ ಜೂನ್ ತಿಂಗಳಿಂದ ಬೆಂಗಳೂರಿನ ಮಾರ್ಚ್ ತಿಂಗಳಿಗೆ ಒಮ್ಮೆಲೇ ಸಾಗಿಸಿದರೆ ಎಂಥ ಹಲಗೆಯೂ ಸೀಳಬಹುದು. ಹಾಗಾಗಿ ಕೆಲವು ವಾರ ಬಟ್ಟೆ ಹೊದಿಸಿ, ಗಾಳಿಯಾಡದ ಒಳಕೋಣೆಯಲ್ಲಿ ಇಟ್ಟು ಹೊಸ ಹವೆಗೆ ಒಗ್ಗಿಸಿ. ಎಣ್ಣೆ, ಅಂಗಡಿಯ ಪಾಲಿಶ್, ಮೆರುಗೆಣ್ಣೆ ಯಾವುದನ್ನೂ ಬಳಿಯಬೇಡಿ. ವರ್ಷಕ್ಕೊಮ್ಮೆ ಬಹಳ ತೆಳುವಾಗಿ ಜೇನುಮೇಣ ಸವರಿ, ಹತ್ತಿ ಬಟ್ಟೆಯಿಂದ ಎಳೆಯ ದಿಕ್ಕಿನಲ್ಲೇ ಒರೆಸಿದರೆ ಸಾಕು. ಸಡಿಲವಾದ ಕೂಡುಗೆಗೆ ಇಂದಿನ ಗಟ್ಟಿ ಅಂಟು ಸುರಿಯಬಾರದು, ಮುಂದೆ ಅದನ್ನು ಬಿಚ್ಚಲಾಗುವುದಿಲ್ಲ. ಬಿಸಿನೀರಿಗೆ ಕರಗುವ ಮೀನಿನ ಅಂಟನ್ನು ಬಳಸಬಲ್ಲ ಬಡಗಿ ಸಿಗುವವರೆಗೆ ಕಾಯಿರಿ, ಬಿದ್ದ ಚೂರುಗಳನ್ನೆಲ್ಲ ಲಕೋಟೆಯಲ್ಲಿ ಹಾಕಿ, ಯಾವ ಜಾಗದ್ದೆಂದು ಬರೆದಿಡಿ.